ತೆಗೆದವರ ಹೆಸರು ಬರೆಸುತ್ತಿದ್ದ ಟೈಲರ್ ಮಾಮ

ಟೈಲರ್ ಮಾಮನ ಬಲ ಹುಬ್ಬು ಸದಾ ನೀಲಿ. ಬಟ್ಟೆಯ ಮೇಲೆ ಗೆರೆ ಎಳೆಯುವ ನೀಲಿ ಸೀಮೆಸುಣ್ಣ ಹಿಡಿದ ಕೈಯಲ್ಲೇ ಹುಬ್ಬು ಉಜ್ಜಿಕೊಂಡು ಯೋಚನೆ ಮಾಡುವುದು ಅವರ ಅಭ್ಯಾಸ. ಹೊಸ ಗಿರಾಕಿಗಳು ಪೆಟ್ಟಾಗಿದೆಯೆಂದು ತಿಳಿದು, "ಏನಾಯ್ತು ಮಾಮ?" ಎಂದು ಕೇಳುವರು. "ನಮ್ ಮನೆಯೋಳು ಕೊಟ್ಲು" ಎನ್ನುವರು ಮಾಮ. ಆಕೆಯೋ, ಇರುವೆ ಸಾಲು ಕಂಡರೂ ಸುತ್ತಿ ಬಳಸಿ ಹೋಗುವ ಸಾಧು ಹೆಂಗಸು.

ಹಿಂದೂಪುರದ ನೇಕಾರರ ಬೀದಿಯಲ್ಲಿ ಅವರ ಅಂಗಡಿ, ಪಕ್ಕದಲ್ಲೇ ವಾಚನಾಲಯ. ಅದರ ಹೊರಗೋಡೆಗೆ ಗೋಣಿತಟ್ಟು ಹೊದಿಸಿದ ದೊಡ್ಡ ಹಲಗೆಯಿತ್ತು. ಕನ್ನಡವೋ ತೆಲುಗೋ, ಯಾರು ಬೇಕಾದರೂ ಬರೆದು ಗುಂಡುಪಿನ್ನು ಚುಚ್ಚಿ ಹೋಗಬಹುದು. ಕಳೆದುಹೋದ ಮೇಕೆ, ಬೀದಿ ನಲ್ಲಿಯ ದೂರು, ಬದಲಾದ ಬಸ್ಸಿನ ಹೊತ್ತು, ಯಾರದೋ ಪ್ರೇಮಕವಿತೆ. ಬೀದಿಗೊಂದು ಫೋನೂ ಇಲ್ಲದ ಎಂಬತ್ತರ ದಶಕ ಅದು. ಸಂಜೆಯಾದರೆ ಜನ ನಿಂತು ಓದುವರು, ಓದಿ ಪಕ್ಕದಲ್ಲೇ ಉತ್ತರ ಚುಚ್ಚುವರು. ಬೈಗುಳ, ಜಾತಿ ಮಾತು, ಮನೆ ಜಗಳ, ಈ ಮೂರು ಕಂಡರೆ ತೆಗೆಯಲು ನಾವು ಆರು ಜನ ಸ್ವಯಂಸೇವಕರಿದ್ದೆವು, ಭಾನುವಾರ ಬಿಟ್ಟು ದಿನಕ್ಕೊಬ್ಬರು. ಸಂಬಳವಿರಲಿಲ್ಲ, ಗತ್ತಿಗೇನೂ ಕಡಿಮೆಯಿರಲಿಲ್ಲ. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಟೈಪಿಂಗ್ ಕಲಿಯುತ್ತಿದ್ದ ನನಗೆ ಬುಧವಾರ.

ನಮ್ಮನ್ನು ನೋಡಿಕೊಳ್ಳುವವರು ಮಾಮ. ಹಲಗೆಯಲ್ಲಿ ಯಾರು ಏನು ಬರೆದರೆಂದು ಅವರು ಅಷ್ಟಾಗಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಣ್ಣೆಲ್ಲ ನಮ್ಮ ಮೇಲೆ. ತೆಗೆದ ಕಾಗದವನ್ನು ಹರಿಯುವಂತಿಲ್ಲ, ಅವರ ಅಂಗಡಿಯ ತಂತಿ ಕೊಕ್ಕೆಗೆ ಸಿಕ್ಕಿಸಬೇಕು. ಅವರ ಅಳತೆ ಪುಸ್ತಕದ ಕೊನೆಯ ಪುಟಗಳಲ್ಲಿ ತೆಗೆದವರು ತಮ್ಮ ಹೆಸರು ಬರೆದು ಕಾರಣವನ್ನೂ ಬರೆಯಬೇಕು. ಅಂಗಡಿ ಬಾಗಿಲು ಹಾಕುವ ಮುಂಚೆ ಮಾಮ ದಿನಾ ಕೊಕ್ಕೆ ಬಿಚ್ಚಿ ಓದುತ್ತಿದ್ದರು. ಸರಿಕಾಣದಿದ್ದರೆ ಮಾರನೆಯ ದಿನ ಕರೆಸಿ, "ಎಂದುಕು ತೀಸ್ತಿವಿ ಅಮ್ಮಾಯ್?" ಎನ್ನುವರು. ಯಾಕೆ ತೆಗೆದೆ ಎಂದು ಕೇಳಲು, ಸಿಟ್ಟು ಬಂದಾಗ, ಅವರಿಗೆ ತೆಲುಗೇ ಆಗಬೇಕಿತ್ತು. ನಮ್ಮ ಉತ್ತರ ಒಪ್ಪಿಗೆಯಾಗದಿದ್ದರೆ ನಮ್ಮ ಕೈಯಲ್ಲೇ ಕಾಗದವನ್ನು ಮತ್ತೆ ಚುಚ್ಚಿಸುವರು.

ಒಮ್ಮೆ ನನಗೆ ರೇಗಿಹೋಯಿತು. "ಬರೆಯೋರನ್ನ ಬಿಟ್ಟು ನಮ್ಮನ್ಯಾಕೆ ಕಾಯ್ತೀರಾ ಮಾಮ? ನಾವೇನು ಕಳ್ಳರಾ?"

ಅವರು ಹುಬ್ಬು ಉಜ್ಜಿಕೊಂಡರು. "ಯಾವನೋ ತಪ್ಪು ಬರ್ದ್ರೆ ಹತ್ತು ಜನ ನೋಡ್ತಾರೆ ಕಣಮ್ಮ, ಮಕಕ್ಕೆ ಉಗೀತಾರೆ. ನೀನು ತಪ್ಪು ತೆಗ್ದ್ಬುಟ್ರೆ ಯಾರಿಗ್ ಗೊತ್ತಾಯ್ತದೆ? ಇಲ್ದೇ ಇರೋದನ್ನ ಯಾರು ಓದ್ತಾರೆ?"

ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಆಗ ನನಗೆ ಇಪ್ಪತ್ತೆರಡು. ಗೊತ್ತಿಲ್ಲದ ವಿಷಯವೇ ಇಲ್ಲ ಎನ್ನುವ ವಯಸ್ಸು.

ಯುಗಾದಿಗೆ ಮುಂಚಿನ ಒಂದು ಬುಧವಾರ ಹಲಗೆಯಲ್ಲಿ ನೋಟುಬುಕ್ಕಿನಿಂದ ಹರಿದ ಹಾಳೆಯೊಂದಿತ್ತು. ಸೊಟ್ಟ ಅಕ್ಷರ. "ತಮ್ಮನಿಗೆ. ಕುಂದುರ್ಪಿ ಹೊಲದ ಮಾತು ಬಿಡು, ನಾನು ಅಂದಿದ್ದು ತಪ್ಪು. ಅವ್ವ ಕಲ್ಯಾಣದುರ್ಗದ ಆಸ್ಪತ್ರೇಲಿ ಅವ್ಳೆ. ನಿನ್ನೇ ಕೇಳ್ತಾವ್ಳೆ. ಬಾ. ಅಕ್ಕ."

ಪೂರ್ತಿ ಓದಲಿಲ್ಲವೆಂದು ಈಗ ಸುಳ್ಳು ಹೇಳಲಾರೆ. ಓದಿದೆ. ಆದರೆ ಹೊಲ ಎಂಬ ಮಾತು ಕಂಡದ್ದೇ ತಡ, ಇದು ಮನೆ ಜಗಳ, ನಿಯಮವೆಂದರೆ ನಿಯಮ ಎಂದು ಬೀಗಿಕೊಂಡು ಪಿನ್ನು ಕಿತ್ತೆ. ಕಾಗದವನ್ನು ಕೊಕ್ಕೆಗೆ ಸಿಕ್ಕಿಸಿ, ಪುಸ್ತಕದಲ್ಲಿ ಹೆಸರು ಬರೆದು, ಕಾರಣ "ಮನೆ ಜಗಳ" ಎಂದು ಬರೆದು, ಟೈಪಿಂಗ್ ಕ್ಲಾಸಿಗೆ ಹೋದೆ. ಮಾಮ ಮೆಷಿನ್ನಿನಿಂದ ತಲೆಯೆತ್ತಲಿಲ್ಲ. ಹಬ್ಬದ ಹೊಲಿಗೆ ಬೆಟ್ಟದಷ್ಟು ಬಿದ್ದಿತ್ತು. ಬುಧ, ಗುರು, ಶುಕ್ರ, ಮೂರು ದಿನವೂ ಅವರು ಕೊಕ್ಕೆ ನೋಡಲಿಲ್ಲ.

ಶನಿವಾರ ಸಂಜೆ ನೋಡಿದರು. ನಾನು ವಾಚನಾಲಯದ ಒಳಗಿದ್ದೆ. ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಓಡಿಬಂದು, "ಕುಂದುರ್ಪಿಯೋರು ಯಾರಾದ್ರೂ ಇದೀರೇನ್ರಪ್ಪ?" ಎಂದು ಕೂಗಿದರು. ಪೇಪರು ಓದುತ್ತಿದ್ದವನೊಬ್ಬ ಎದ್ದು ನಿಂತ. ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸ ಮಾಡುವವನು, ದಿನಾ ಸಂಜೆ ಬರುವವನು. ಅವನ ಮನೆ ಎಲ್ಲೆಂದು ಅಕ್ಕನಿಗೆ ತಿಳಿಯದು. ಇಲ್ಲಿ ಓದಲು ಬರುತ್ತಾನೆ ಎಂದಷ್ಟೇ ಊರಿನವರು ಯಾರೋ ಹೇಳಿದ್ದರಂತೆ. ಆ ಬುಧವಾರ ಸಂಜೆಯೂ ಅವನು ಹಲಗೆಯ ಮುಂದೆ ನಿಂತು ಇದ್ದದ್ದನ್ನೆಲ್ಲ ಓದಿ ಹೋಗಿದ್ದ. ಕಾಗದ ನೋಡಿದ್ದೇ ಬಸ್‌ಸ್ಟ್ಯಾಂಡಿನ ಕಡೆ ಓಡಿದ. ಅವ್ವ ಶುಕ್ರವಾರವೇ ಹೋಗಿದ್ದಳು. ಅವನು ತಲುಪುವ ಹೊತ್ತಿಗೆ ಮಣ್ಣೂ ಆಗಿತ್ತು.

ಸುದ್ದಿ ಬಂದ ಮಾರನೆಯ ದಿನ ಮಾಮ ನನ್ನನ್ನು ಕರೆದರು. ಬಯ್ಯಲಿಲ್ಲ. "ತೆಗ್ದೋರೇ ಹೋಗಿ ಹೇಳ್ಬೇಕು ಅಮ್ಮಾಯ್. ನಾನೂ ಬತ್ತೀನಿ" ಎಂದರು.

ಕಲ್ಯಾಣದುರ್ಗದವರೆಗೂ ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹಾಕಿದೆ. ಅಕ್ಕನ ಮನೆಯ ಜಗಲಿಯ ಮೇಲೆ ತಲೆ ಬೋಳಿಸಿಕೊಂಡ ತಮ್ಮ ಗೋಡೆ ನೋಡುತ್ತಾ ಕೂತಿದ್ದ. ಅಕ್ಕ ಎದುರು ಬಂದು, "ಯಾರು ಕಿತ್ತಿದ್ದು?" ಎಂದಳು. ನನ್ನ ನಾಲಿಗೆ ಏಳಲೇ ಇಲ್ಲ. ಮಾಮ ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ, "ನಾನೇ ಕಣಮ್ಮ" ಎಂದರು.

"ನಿನ್ ಕೈ ಸೇದ್ಹೋಗ!" ಎಂದು ಶುರುಮಾಡಿದಳು ಆಕೆ. "ಕೊನೆಗಂಟಾನೂ ಬಾಗ್ಲು ನೋಡ್ತಿದ್ಲು ನಮ್ಮವ್ವ. ನಿನ್ಗೂ ಹಂಗೇ ಆಗ್ಲಿ. ನಿನ್ನ ಮಕ್ಳು ಬಾರ್ದಂಗಾಗ್ಲಿ!" ಬೀದಿಯ ಜನವೆಲ್ಲ ಸೇರಿದರು. ಮಾಮ ಕೈಮುಗಿದುಕೊಂಡು, ಆಕೆಯ ಉಸಿರು ಸೋಲುವವರೆಗೂ ನಿಂತೇ ಇದ್ದರು. ನಾನು ಅವರ ಬೆನ್ನ ಹಿಂದೆ.

ವಾಪಸು ಬಸ್ಸಿನಲ್ಲಿ ಅತ್ತೆ. "ಯಾಕೆ ಮಾಮ ಹಂಗಂದ್ರಿ?"

"ನಿನ್ಗೆ ಬಾಯಿ ಬರ್ಲಿಲ್ಲ. ಆ ಯಮ್ಮನ್ಗೆ ಬಯ್ಯಾಕೆ ಒಬ್ರು ಬೇಕಾಗಿತ್ತು." ಹಿಂದೂಪುರ ಹತ್ತಿರವಾದಾಗ ತಾವಾಗಿಯೇ ಅಂದರು, "ದಿನಾ ನೋಡೋದು ನನ್ ಕೆಲ್ಸ. ನೋಡ್ಲಿಲ್ಲ. ಸುಳ್ಳೇನೂ ಹೇಳ್ಲಿಲ್ಲ ಬಿಡು."

ಟೈಲರು ಯಾರದೋ ತಾಯಿಯ ಕಾಗದ ಕಿತ್ತನಂತೆ ಎಂಬ ಮಾತು ನಮಗಿಂತ ಮುಂಚೆ ಹಿಂದೂಪುರ ತಲುಪಿತೋ ಏನೋ. ಬುಧವಾರ ನನ್ನ ದಿನವೆಂದು ಬಲ್ಲ ಉಳಿದ ಐವರು ಮಾಮನ ಮುಖ ನೋಡಿ ಸುಮ್ಮನಾದರು. ವಾಚನಾಲಯದ ಹಿರಿಯರು, ಇನ್ನು ಹಲಗೆಯ ಉಸಾಬರಿ ನಿಮಗೆ ಬೇಡ ಎಂದರು. "ಆಗ್ಲಿ ಸಾಮಿ" ಎಂದು ಮಾಮ ಕೊಕ್ಕೆ ಬಿಚ್ಚಿ ಒಳಗಿಟ್ಟರು. ಆಗಲೂ ನಾನು ಬಾಯಿ ಬಿಡಲಿಲ್ಲ. ಮನೆಯಲ್ಲಿ ನನಗೆ ಗಂಡು ನೋಡುತ್ತಿದ್ದರು, ಹೆಸರು ಕೆಡುತ್ತದೆಂಬ ಭಯ. ಮಾಮ ಮಾತ್ರ ನನ್ನ ಮದುವೆಯ ರವಿಕೆಗಳನ್ನು ತಾವೇ ಹೊಲಿದುಕೊಟ್ಟರು. ಕಲ್ಯಾಣದುರ್ಗದ ಹೆಸರನ್ನು ನನ್ನೆದುರು ಒಂದು ದಿನವೂ ಎತ್ತಲಿಲ್ಲ.

ಒಂಬತ್ತು ವರ್ಷಗಳ ಮೇಲೆ ಅವರು ತೀರಿಕೊಂಡರು. ಅಷ್ಟು ವರ್ಷವೂ, ಬರುವ ತಿಂಗಳು ಹೋಗಿ ನಿಜ ಹೇಳಿ ಬರುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ. ತಿಥಿ ಮುಗಿಸಿಕೊಂಡು ಮಾರನೆಯ ದಿನವೇ ಕಲ್ಯಾಣದುರ್ಗದ ಬಸ್ಸು ಹತ್ತಿದೆ.

ಅಕ್ಕನ ತಲೆ ಬೆಳ್ಳಗಾಗಿತ್ತು. ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ನಾನು ಯಾರೆಂದು ಹೇಳಿ, ಕಿತ್ತವಳು ನಾನೇ ಎಂದೆ. ಬಯ್ಯಲಿ ಎಂದೇ ಹೋಗಿದ್ದೆ. ಆಕೆ ಬಯ್ಯಲಿಲ್ಲ. "ಆ ಯಪ್ಪ ಎಲ್ಲವ್ನೆ ಈಗ?" ಎಂದಳು.

"ಇಲ್ಲ ಅಕ್ಕ. ನಿನ್ನೆ ತಿಥಿ ಆಯ್ತು."

ಆಕೆಯ ಕೈ ನಿಂತಿತು. "ಈಗ್ ಬಂದ್ ಹೇಳ್ತೀಯಲ್ಲಮ್ಮ... ಕೈ ಸೇದ್ಹೋಗ್ಲಿ ಅಂದ್ಬುಟ್ನಲ್ಲ, ಹೊಲ್ದು ತಿನ್ನೋ ಕೈನ. ಅದನ್ನ ಇನ್ ಯಾರತ್ರ ಹೋಗಿ ವಾಪಸ್ ತಗಳ್ಳಿ ನಾನು?"

ಮಾಮ ಬದುಕಿದ್ದಾಗ ನಾನು ಒಂದೇ ಒಂದು ಸಲ ಆ ಬಸ್ಸು ಹತ್ತಿದ್ದರೆ ಸಾಕಿತ್ತು.