ಮೂರು ಬೆರಳಿಗೆ ಕೂರುವ ಕಲ್ಲು

ರಸ್ತೆಬದಿಯ ಹುಲ್ಲು ಕೊಯ್ಯುವ ಅಕ್ಕ ಮಸೆಗಲ್ಲು ಕೊಳ್ಳಲು ಬಂದಳೆಂದರೆ ಹಾರ್ಡ್‌ವೇರ್ ಅಂಗಡಿಯವನ ಅರ್ಧ ದಿನ ಹೋಯಿತೆಂದೇ ಲೆಕ್ಕ. ರಸ್ತೆ ಚೊಕ್ಕಟವಾಗಿದೆಯೆಂದು ಬೀಗುವ ದೊಡ್ಡವರು ಕುಡುಗೋಲು ಕೊಡುತ್ತಾರೆಯೇ ಹೊರತು ಕಲ್ಲು ಕೊಡುವುದಿಲ್ಲ. ಸವೆದಾಗಲೆಲ್ಲ ಅವಳೇ ಕೊಳ್ಳಬೇಕು. ಒಂದೊಂದನ್ನೂ ಮೇಜಿಗೆ ಮೆಲ್ಲಗೆ ತಟ್ಟಿ ಬಿರುಕಿನ ಸದ್ದಿಗೆ ಕಿವಿಗೊಡುತ್ತಾಳೆ. ತರಿ ಹೆಚ್ಚಾದರೆ "ಇದು ಅಲಗನ್ನೇ ತಿಂದುಬಿಡುತ್ತೆ", ನುಣುಪಾದರೆ "ಇದು ಬರೀ ಮುದ್ದು ಮಾಡುತ್ತೆ" ಎನ್ನುತ್ತಾಳೆ. ಉದ್ದದ್ದು ಸೊಂಟಕ್ಕೆ ಚುಚ್ಚುತ್ತದೆ, ಗಿಡ್ಡದ್ದು ಹುಲ್ಲಿನಲ್ಲಿ ಕಳೆದುಹೋಗುತ್ತದೆ. ಇಷ್ಟೆಲ್ಲ ಗೆದ್ದ ಕಲ್ಲನ್ನೂ ಸೆರಗಿನೊಳಗೆ ಒಯ್ದು, ಕಣ್ಣು ಮುಚ್ಚಿ ಏನನ್ನೋ ಅಳೆದು, ತಲೆಯಾಡಿಸಿ ವಾಪಸ್ ಇಡುತ್ತಾಳೆ. "ಅಕ್ಕಾ, ಗಂಡನ್ನ ಆರಿಸುವಾಗ್ಲೂ ಹೀಗೇ ನೋಡಿದ್ರಾ?" ಎಂದು ಅಂಗಡಿಯವನು ಕೆಣಕಿದರೆ, "ನೋಡಿದ್ದಿದ್ರೆ ಮದುವೇನೇ ಆಗ್ತಿರ್ಲಿಲ್ಲ ಕಣಪ್ಪಾ" ಎಂಬ ಉತ್ತರ ತಯಾರು. ಮೊನ್ನೆ ಅವನ ತಾಳ್ಮೆ ಕೆಟ್ಟಿತು. "ಯಾವ್ದಾದ್ರೂ ತಗೊಳ್ಳಿ, ಎಲ್ಲಾ ಕಲ್ಲೇ ತಾನೇ!" ಎಂದ. ಅವಳು ಸೆರಗಿನೊಳಗಿನ ಎಡಗೈಯನ್ನು ಮೊದಲ ಸಲ ಅವನೆದುರು ಚಾಚಿದಳು. ಕಿರುಬೆರಳೂ ಉಂಗುರದ ಬೆರಳೂ ಇರಲಿಲ್ಲ. "ಮೊಂಡು ಕುಡುಗೋಲು ಜಾರಿ ಹೋದವು. ಮಸೆಯೋಕೆ ಕಲ್ಲು ಕೊಡಿ ಅಂತ ಕೇಳಿದ್ದೆ. ಹುಲ್ಲು ತಾನೇ, ಕೊಯ್ಯಿ ಅಂದ್ರು ಮೇಸ್ತ್ರಿ. ಬಯಲಲ್ಲಿ ಕಲ್ಲು ಊರೋಕೆ ಮೇಜು ಎಲ್ಲಿದೆ? ಈ ಕೈಯೇ ಹಿಡೀಬೇಕು. ಕಲ್ಲು ಜಾರಿದ್ರೆ ಮಿಕ್ಕಿದ್ದೂ ಹೋಗುತ್ತೆ." ಅವನು ಅಟ್ಟದಿಂದ ಇನ್ನೊಂದು ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ದೇವರೆದುರು ಹೂವಿಡುವವನಂತೆ ಒಂದೊಂದೇ ಕಲ್ಲನ್ನು ಆ ಮೂರು ಬೆರಳುಗಳ ನಡುವೆ ಇಡುತ್ತಾ ಹೋದ. "ಇದು ಕೂತಿತಾ ಅಕ್ಕಾ? ಇಲ್ವಾ? ಇರ್ಲಿ, ಇನ್ನೂ ಇದಾವೆ."