ಮೊಮ್ಮಗಳ ಜಡೆಗೆ ನನ್ನ ಮುಡಿ

ಲಗ್ಗೆರೆಯ ನಮ್ಮ ಬೀದಿಯಲ್ಲಿ ಯಾರು ಸಿಕ್ಕರೂ ತಡೆದು ಹೇಳುತ್ತೇನೆ: ನನ್ನ ಮೊಮ್ಮಗಳು ಪಿಎಚ್‌ಡಿ ಮುಗಿಸಿದಳು! ಬುದ್ಧನ ಕಾಲದಲ್ಲಿ ಸನ್ಯಾಸ ತೆಗೆದುಕೊಂಡ ಹೆಂಗಸರ ಬಗ್ಗೆ ಓದಿದಳು. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟ ನನಗೆ ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಆದರೆ ಅದೇ ಹೆಂಗಸರು ಒಂದು ಬೇಸಿಗೆ ನನ್ನ ಜೀವ ಹಿಂಡಿಬಿಟ್ಟಿದ್ದರು.

ಅವಳ ತಾಯಿ ಹೆರಿಗೆಯಲ್ಲೇ ಹೋದಳು. ಹಸುಗೂಸನ್ನು ಮಡಿಲಿಗೆ ಹಾಕಿಕೊಂಡು ಸಾಕಿದವಳು ನಾನು. ಇವತ್ತಿಗೂ ಸಂಜೆಯಾದರೆ ಎಣ್ಣೆ ಹಚ್ಚಿ ಜಡೆ ಹಾಕುವುದು ನಾನೇ.

ಹಾಗೆ ಜಡೆ ಹಾಕುತ್ತಿದ್ದಾಗಲೇ ಅಂದಳು, "ಅಜ್ಜಿ, ಬೈಲಕುಪ್ಪೆಗೆ ಹೋಗ್ತಿದೀನಿ. ಅಲ್ಲಿ ಟಿಬೆಟ್ ಭಿಕ್ಷುಣಿಯರ ಮಠದಲ್ಲೇ ಇರ್ತೀನಿ. ಅವ್ರ ಥರಾನೇ ಏಳೋದು, ಅವ್ರ ಥರಾನೇ ಊಟ."

ಮಾರನೇ ದಿನ ಅವಳ ಬೀರುವಿನಲ್ಲಿ ಸನ್ಯಾಸಿನಿಯರು ಉಡುವ ಕೆಂಗಂದು ಬಟ್ಟೆಯ ಗಂಟು ಕಂಡಿತು. ಸನ್ಯಾಸಕ್ಕಾ ಎಂದು ಕೇಳಲು ಹೆದರಿದೆ. ಹೌದು ಅಂದುಬಿಟ್ಟರೆ?

ಪಕ್ಕದ ಮನೆಯವಳು ಗಾಯಕ್ಕೆ ಉಪ್ಪು ಸವರಿದಳು. "ಅಲ್ಲಿ ತಲೆ ಬೋಳಿಸ್ತಾರೆ ಕಣಕ್ಕಾ. ಮದ್ವೆ ಇಲ್ಲ, ಮಕ್ಳಿಲ್ಲ. ಇನ್ನೂ ಓದ್ಸು!"

ಆಮೇಲೆ ಕೆಳಗೆ ಬಾಡಿಗೆ ಕೊಟ್ಟಿರುವ ಲೇತ್ ಶೆಡ್ಡಿನ ಸದ್ದು ತಲೆಯೊಳಗೇ ತಿರುಗಿದಂತಾಗುತ್ತಿತ್ತು. ಜಡೆ ಹಾಕುವಾಗ ಉದುರಿದ ಕೂದಲನ್ನೂ ಎಸೆಯಲಾಗದೆ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದೆ. ಅವಳು ಹೊರಡುವ ಹಿಂದಿನ ದಿನ ಯಾರಿಗೂ ಹೇಳದೆ ಮನೆದೇವರ ಗುಡಿಗೆ ಬಸ್ಸು ಹತ್ತಿದೆ.

"ಮೂರು ಕತ್ತರಿ ಸಾಕಾ ಅಜ್ಜಿ?" ಅಂದ ಮುಡಿ ತೆಗೆಯುವವನು.

"ಪೂರ್ತಿ ತೆಗೆಯಪ್ಪ. ದೇವರ ಹತ್ರ ಚೌಕಾಸಿ ಬ್ಯಾಡ."

ಬೋಳು ತಲೆಗೆ ಸೆರಗು ಹೊದ್ದು ಮನೆಗೆ ಬಂದೆ. ಮೊಮ್ಮಗಳು ಸೆರಗು ಸರಿಸಿ ಕಿರುಚಿದಳು.

"ಏನಜ್ಜಿ ಇದು!"

"ನಿನ್ನ ಕೂದ್ಲು ಉಳೀಲಿ ಅಂತ ನನ್ದು ಕೊಟ್ಟೆ ಕಣೇ. ಸನ್ಯಾಸಕ್ಕೆ ಓಗ್ಬ್ಯಾಡ. ನೀನಿಲ್ದೆ ನಾ ಎಂಗಿರ್ಲಿ?"

ಅವಳು ನೆಲಕ್ಕೆ ಕುಸಿದು ನಕ್ಕಳು, ಆಮೇಲೆ ಅತ್ತಳು. "ಅಯ್ಯೋ ನನ್ನ ಅಜ್ಜಿ, ಅವ್ರನ್ನ ಮಾತಾಡ್ಸಿ ಬರ್ಕೊಂಡು ವಾಪಸ್ ಬರೋಕೆ ಹೋಗ್ತಿರೋದು. ಬಟ್ಟೆ ಅವ್ರಿಗೆ ಕೊಡಕ್ಕೆ."

ನನ್ನ ತಲೆ ಸವರುತ್ತಾ ಕಥೆ ಹೇಳಿದಳು. ಬುದ್ಧನನ್ನು ಹೆತ್ತವಳು ತೀರಿಕೊಂಡಳಂತೆ. ಸಾಕಿದ ಚಿಕ್ಕಮ್ಮನೇ ಮೊದಲ ಭಿಕ್ಷುಣಿಯಂತೆ. ತಾನೇ ತಲೆ ಬೋಳಿಸಿಕೊಂಡು ಬರಿಗಾಲಲ್ಲಿ ನಡೆದು ಬಂದು, ತನಗೂ ಸನ್ಯಾಸ ಕೊಡು ಅಂತ ಬುದ್ಧನ ಬಾಗಿಲಲ್ಲಿ ಅಳುತ್ತಾ ನಿಂತಳಂತೆ.

"ಸಾಕಿದ ಮಗನ ಮುಂದೇನೇ ಬೇಡ್ಕೊಂಡ್ಳಾ?"

"ಹೂಂ. ಅವ್ನು ಬೇಡ ಬೇಡ ಅಂದ್ರೂ ಬಿಡ್ಲಿಲ್ಲ."

ಆ ಹೆಂಗಸಿನ ಪಾದಗಳು ಎಷ್ಟು ಸುಟ್ಟಿರಬೇಕು ಅನ್ನಿಸಿತು. ಆ ಭಿಕ್ಷುಣಿಯರ ಮೇಲಿದ್ದ ನನ್ನ ಸಿಟ್ಟು ಅಲ್ಲೇ ಇಳಿಯಿತು.

ಆದರೂ ಮೊಮ್ಮಗಳು ಹೋದ ಮೇಲೆ ಎದೆ ಹಗುರವಾಗಲಿಲ್ಲ. ಅಲ್ಲಿ ಮನಸ್ಸು ತಿರುಗಿಬಿಟ್ಟರೆ? ದಿನವೂ ಬಾಲ್ಕನಿಯಲ್ಲಿ ನಿಂತು ಬೀದಿ ನೋಡುತ್ತಿದ್ದೆ. ಮಳೆ ಶುರುವಾದಾಗ, ನನ್ನ ಕೂದಲಿನ್ನೂ ಕುರುಚಲಾಗಿದ್ದಾಗಲೇ, ಆಟೋ ನಿಂತಿತು. ಮೊದಲು ಅವಳ ಮುಖ ನೋಡಲಿಲ್ಲ ನಾನು. ತಲೆ ನೋಡಿದೆ.

ಜಡೆ ಇತ್ತು. ಎಣ್ಣೆ ಕಾಣದೆ ನಾರಾಗಿತ್ತು. ಬ್ಯಾಗು ಇಡುವುದಕ್ಕೂ ಬಿಡದೆ ಕೂರಿಸಿಕೊಂಡು, ಎಣ್ಣೆ ಹಚ್ಚಲು ಜಡೆ ಬಿಚ್ಚಿದೆ.