ಬ್ಯಾಲೆನ್ಸ್ ರಾಡ್ ಹಾಕಿದ ರವಿವಾರ

ಆ ಕಾಲಕ್ಕೆ ನಮ್ಮೂರಿನ ಹುಡುಗಿಯರು ಏಳನೇ ಇಯತ್ತೆ ದಾಟಿ ಓದಬೇಕೆಂದರೆ ಒಂದು ಹಳೆಯ ವ್ಯಾನ್ ಬೆಳಿಗ್ಗೆ ಎಂಟಕ್ಕೆ ಚಾಲೂ ಆಗಬೇಕಿತ್ತು. ಊರು ಹೂಲಿಯ ಆಚೆ, ಹೈಸ್ಕೂಲು ಸವದತ್ತಿಯಲ್ಲಿ. ಬಸ್ಸಿನ ವೇಳೆಗೂ ಶಾಲೆಯ ವೇಳೆಗೂ ಹೊಂದಿಕೆ ಇರಲಿಲ್ಲ. ವ್ಯಾನ್ ನನ್ನ ಅಪ್ಪನದು.

ಅದು ನಾನು ಹುಟ್ಟುವುದಕ್ಕೂ ಮೊದಲಿನ ಗಾಡಿ. ಗುಂಡನೆಯ ದೀಪಗಳು, ಕೆನೆ ಬಣ್ಣದ ಮೈ, ಮುಂದಿನ ಗಾಜಿನ ಬಳಿ ಅಪ್ಪ ಅಂಟಿಸಿದ್ದ ಬುದ್ಧನ ಪುಟ್ಟ ಮೂರ್ತಿ. ಆ ಮಾದರಿಯ ತಯಾರಿಕೆ ನಿಂತು ಬಹಳ ವರ್ಷವಾಗಿತ್ತು. ಒಳಗೆ ಉದ್ದಕ್ಕೆ ಎದುರುಬದುರಾಗಿ ಎರಡು ಬಾಕು. ಬಲಗಡೆಯ ಬಾಕಿನಲ್ಲಿ ಒಂಬತ್ತು ಹುಡುಗಿಯರು, ಎಡಗಡೆಯದರಲ್ಲಿ ನಾವು ನಾಲ್ವರು. ಡೀಸೆಲ್ ಮತ್ತು ಬಿಸಿ ರೆಕ್ಸಿನ್ ವಾಸನೆಯ ಮೇಲೆ ಹದಿಮೂರು ಬುತ್ತಿಗಳ ವಾಸನೆ ಕೂತಿರುತ್ತಿತ್ತು: ಶೇಂಗಾ ಹಿಂಡಿ, ಬೆಳ್ಳುಳ್ಳಿ ಖಾರ, ಎಣ್ಣೆ ಸವರಿದ ಜೋಳದ ರೊಟ್ಟಿ.

ದಾರಿಯಲ್ಲಿ ಗುಡ್ಡದ ಮಗ್ಗುಲಿಗೆ ಒಂದು ಎಡ ತಿರುವು ಇತ್ತು. ಅದಕ್ಕೆ ನಾವಿಟ್ಟ ಹೆಸರು ಜೋಕಾಲಿ. ಅಲ್ಲಿ ವ್ಯಾನ್ ಬಲಕ್ಕೆ ವಾಲುತ್ತಿತ್ತು. ಆಚೆ ಬಾಕಿನವರು ‘ಹೋ’ ಎನ್ನುತ್ತ ಬೇಕೆಂದೇ ಇನ್ನಷ್ಟು ಹಿಂದಕ್ಕೆ ಒರಗುತ್ತಿದ್ದರು. ನಾವು ನಾಲ್ವರು ಎದುರಿನವರ ಮೊಣಕಾಲಿಗೆ ತಾಗದಂತೆ ನಮ್ಮ ಬಾಕಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆವು. ಅದೂ ಆಟವೇ. ಯಾರ ಕೈ ಜಾರುತ್ತದೋ ಅವಳು ಸೋತಂತೆ.

ನಾನು ಎಂಟನೆಯ ಇಯತ್ತೆಯಲ್ಲಿದ್ದ ವರ್ಷ, ಸೀತನಿಯ ಕಾಲ. ಹೊಲಗಳಲ್ಲಿ ಹಾಲುತುಂಬಿದ ಜೋಳದ ತೆನೆಗಳನ್ನು ಕೆಂಡದಲ್ಲಿ ಸುಡುವ ಹೊಗೆ ರಸ್ತೆಯವರೆಗೂ ಬರುತ್ತಿತ್ತು. ಒಂದು ಬುಧವಾರ ಸಂಜೆ ಮರಳಿ ಬರುವಾಗ ಅಂಥದೇ ಇನ್ನೊಂದು ತಿರುವಿನಲ್ಲಿ ಮುಂಗಾರಿ ಜೋಳದ ಒಣ ಕಣಿಕೆ ತುಂಬಿದ ಚಕ್ಕಡಿ ಎದುರಾಯಿತು. ಅಪ್ಪ ಒಮ್ಮೆಲೇ ಎಡಕ್ಕೆ ಎಳೆದ. ವ್ಯಾನ್ ಬಲಕ್ಕೆ ಒರಗಿತು, ಎಂದಿನಂತೆ ಬೇಗ ಏಳಲಿಲ್ಲ. ಎಡಗಡೆಯ ಹಿಂದಿನ ಗಾಲಿ ನೆಲ ಬಿಟ್ಟಿತ್ತೆಂದು ಅಪ್ಪ ಆಮೇಲೆ ತಾನೇ ಒಪ್ಪಿಕೊಂಡ. ಹೊರಗೆ ನೋಡುತ್ತ ತಿರುಗಿ ಕುಳಿತಿದ್ದ ಶಕುಂತಲಾಳ ಹುಬ್ಬು ಕಿಟಕಿಯ ಸರಳಿಗೆ ಬಡಿದು ಒಡೆಯಿತು. ನಾಲ್ಕು ಹೊಲಿಗೆ.

ಶಕುಂತಲಾ ರುದ್ರಗೌಡರ ಮಗಳು. ಮರುದಿನ ಬೆಳಿಗ್ಗೆ ಗೌಡರು ವ್ಯಾನ್ ನಿಲ್ಲುವ ಜಾಗಕ್ಕೆ ಬಂದರು. ದನಿ ಏರಿಸಲಿಲ್ಲ.

“ಪರಸಪ್ಪಾ, ಅಕಿ ಇನ್ನ ಬರೂದಿಲ್ಲ.”

“ಗಾಡಿ ರಿಪೇರಿ ಮಾಡಸ್ತೇನ್ರಿ ಗೌಡ್ರ,” ಅಂದ ಅಪ್ಪ. “ರವಿವಾರ ತನಕಾ ಟೈಮ್ ಕೊಡ್ರಿ.”

“ರವಿವಾರ ನಾನ ಬಂದ ನೋಡ್ತೇನಿ. ಮನಸಿಗೆ ಬರಲಿಲ್ಲಂದ್ರ, ಅಕಿ ಇಷ್ಟ ಕಲತದ್ದ ಸಾಕು.”

ಅವರ ಓಣಿಯ ಉಳಿದ ಎಂಟು ಮನೆಗಳೂ ಅವರ ಮಾತನ್ನು ಕಾಯುತ್ತಿದ್ದವು. ಒಂಬತ್ತು ಹುಡುಗಿಯರು ನಿಂತರೆ ಉಳಿದ ನಾಲ್ವರಿಗಾಗಿ ಅಪ್ಪ ಡೀಸೆಲ್ ಸುಡುವಂತಿರಲಿಲ್ಲ. ನಮ್ಮ ಕೇರಿಯಿಂದ ಹೈಸ್ಕೂಲಿಗೆ ಹೋದ ಮೊದಲ ಹುಡುಗಿಯರು ನಾವು. ಹೀಗಾಗಿ ಶಕುಂತಲಾಳ ಓದಿನ ಜೊತೆಗೆ ನನ್ನದೂ ರವಿವಾರಕ್ಕೆ ಬಂದು ನಿಂತಿತು.

ಅಪ್ಪನ ಗೆಳೆಯ ಮೌಲಾ ಕಾಕಾನಿಗೆ ಮುನವಳ್ಳಿಯಲ್ಲಿ ಗ್ಯಾರೇಜಿತ್ತು. ಗುರುವಾರ ಸಂಜೆ ಆತ ಬಂದು ವ್ಯಾನಿನ ಒಂದು ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟ. ಅದು ತೂಗಾಡುವುದು ನಿಲ್ಲುವವರೆಗೂ ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಮಲಗಿ ಅಡಿಗೆ ತೂರಿದ.

“ಸ್ಪ್ರಿಂಗಿನ ಪಾಟಾ ಚಲೋ ಅದಾವ,” ಅಂದ ಕೆಳಗಿನಿಂದಲೇ. “ಖರೆ ಹಿಂದಿನ ಎರಡೂ ಗಾಲಿ ಬ್ಯಾರಿ ಬ್ಯಾರಿ ಸಂಸಾರ ಮಾಡಾಕತ್ತಾವ. ಒಂದ ಕುಸದ್ರ ಇನ್ನೊಂದಕ್ಕ ಸುದ್ದೀನ ಇಲ್ಲ. ನಡುವ ಎರಡಕ್ಕೂ ಗಂಟ ಹಾಕೂ ಒಂದ ಬ್ಯಾಲೆನ್ಸ್ ರಾಡ್ ಬೇಕು.”

“ಈ ಗಾಡಿಗೆ ಅದು ಸಿಗತೈತೇನು?”

“ಈ ಗಾಡೀನ ಸಿಗೂದಿಲ್ಲಲ್ಲೋ ಈಗ. ಬೈಲಹೊಂಗಲ ಗುಜರಿಯೊಳಗ ಬ್ಯಾರೆ ಯಾವದರ ಗಾಡೀದ ಹುಡಕೂಣು ನಡಿ.”

ಶುಕ್ರವಾರ ಸಂಜೆ ಇಬ್ಬರೂ ಬಸ್ಸಿನ ಮೇಲೆ ಅದನ್ನು ಕಟ್ಟಿಕೊಂಡು ಬಂದರು. ಹೆಬ್ಬೆರಳಿಗಿಂತ ತುಸು ದಪ್ಪದ, ಎರಡೂ ತುದಿ ಒಂದೇ ಕಡೆಗೆ ಬಾಗಿದ ಉಕ್ಕಿನ ಸರಳು. ಮುಂಭಾಗ ನುಜ್ಜುಗುಜ್ಜಾಗಿ ಗುಜರಿಗೆ ಬಿದ್ದಿದ್ದ ಯಾವುದೋ ಗಾಡಿಯ ಹಿಂಭಾಗದಿಂದ ಬಿಚ್ಚಿದ್ದು. ಮೌಲಾ ಕಾಕಾ ತುಕ್ಕು ತಿಕ್ಕಿದ, ಇಡೀ ಸರಳಿಗೆ ಸೀಮೆಎಣ್ಣೆ ಸವರಿದ, ಒರೆಸಿ ಒಣಗಿಸಿದ. ಮೇಲೆ ತೆಳ್ಳಗೆ ಸುಣ್ಣ ಬಳಿದು ಗೋಡೆಗೆ ಆನಿಸಿಟ್ಟು ಚಹಾ ಕುಡಿಯಲು ಕುಳಿತ. ಎಲ್ಲಿಯಾದರೂ ಬಿರುಕಿದ್ದರೆ ಅದರೊಳಗೆ ಉಳಿದ ಎಣ್ಣೆ ಸುಣ್ಣದ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ ಎಂದು ನನಗೆ ಹೇಳಿದ. ನಾನು ಚಹಾ ಮುಗಿಯುವವರೆಗೂ ಸರಳಿನಿಂದ ಕಣ್ಣು ತೆಗೆಯಲಿಲ್ಲ. ಗೆರೆ ಮೂಡಲಿಲ್ಲ.

ತೊಂದರೆ ಬಂದದ್ದು ರಬ್ಬರಿನಲ್ಲಿ. ಸರಳನ್ನು ಹಿಂದಿನ ಅಚ್ಚಿಗೆ ಹಿಡಿಯುವ ಎರಡು ಕಡೆ ಅದರ ಸುತ್ತ ರಬ್ಬರಿನ ಬುಶ್ ಬೇಕು. ಹಳೆಯವು ಪುಡಿಪುಡಿಯಾಗಿದ್ದವು. ಆ ಅಳತೆಯವು ಬೈಲಹೊಂಗಲದಲ್ಲೂ ಇರಲಿಲ್ಲ, ಸವದತ್ತಿಯಲ್ಲೂ ಇರಲಿಲ್ಲ.

ಶನಿವಾರ ಬೆಳಿಗ್ಗೆ, ಕಟ್ಟೆಯ ಮೇಲೆ ಕುಳಿತಿದ್ದ ನನ್ನ ಅಜ್ಜ ಯಲ್ಲಪ್ಪ, “ಲಾರಿ ಟಾಯರಿಂದ ಕೊಯ್ದ್ರ ನಡಿಯೂದಿಲ್ಲೇನು?” ಅಂದ.

“ನಡೀತದ ಅಜ್ಜಾ,” ಅಂದ ಮೌಲಾ ಕಾಕಾ. “ಖರೆ ನಡುವಿನ ತೂತು ಸರಳಿಗೆ ಬಿಗಿ ಕುಂದ್ರಬೇಕು. ಕೂದಲೆಳಿ ಹೆಚ್ಚುಕಮ್ಮಿ ಆದ್ರ ಕಟಕಟ ಬಡೀತದ.”

ಅಜ್ಜ ಎದ್ದು ಒಳಗೆ ಹೋಗಿ ಮರದ ಪೆಟ್ಟಿಗೆ ತಂದ. ಅಪ್ಪನ ಮುಖ ಬಿಗಿಯಿತು. ಅಜ್ಜ ಒಂದು ಕಾಲದಲ್ಲಿ ಚಪ್ಪಲಿ ಹೊಲಿಯುತ್ತಿದ್ದ. ಅಪ್ಪ ಸ್ಟೇರಿಂಗ್ ಹಿಡಿದ ದಿನ ಆ ಪೆಟ್ಟಿಗೆ ಮುಚ್ಚಿತ್ತು. ಅದನ್ನು ನಾಲ್ಕು ಮಂದಿಯ ಮುಂದೆ ತೆರೆಯಬಾರದೆಂದು ಅಪ್ಪನೇ ಕೇಳಿಕೊಂಡಿದ್ದ.

“ಒಳಗ ಕುಂತ ಮಾಡಪಾ,” ಅಂದ ಅಪ್ಪ.

“ಒಳಗ ಬೆಳಕಿಲ್ಲ,” ಅಂದ ಅಜ್ಜ. ಕಟ್ಟೆಯ ಮೇಲೆಯೇ ಗೋಣಿಚೀಲ ಹಾಸಿದ.

ನಾನು ಆಮೇಲೆ ಎಷ್ಟೋ ಕುಶಲಕರ್ಮಿಗಳ ಬಗ್ಗೆ ಬರೆದಿದ್ದೇನೆ. ಅಜ್ಜ ಆ ಶನಿವಾರ ಮಾಡಿದ ಕೆಲಸಕ್ಕೆ ಸಮನಾದದ್ದನ್ನು ಕಂಡದ್ದು ಕಡಿಮೆ. ಸರಳಿಗೆ ನೂಲು ಸುತ್ತಿ ಅಳತೆ ತೆಗೆದ. ಚರ್ಮ ಕೊಯ್ಯುವ ಅಗಲ ಬಾಯಿಯ ರಂಪಿಯನ್ನು ಕಲ್ಲಿಗೆ ಮಸೆದ. ಪ್ರತಿ ಕೊಯ್ತಕ್ಕೂ ಅದನ್ನು ನೀರಿನಲ್ಲಿ ಅದ್ದುತ್ತಿದ್ದ. ಒಣ ರಂಪಿಯನ್ನು ರಬ್ಬರ್ ಹಿಡಿದುಕೊಳ್ಳುತ್ತದೆ, ಒದ್ದೆಯಾದರೆ ಬಿಟ್ಟುಕೊಡುತ್ತದೆ. ಮೊದಲ ಜೋಡಿಯನ್ನು ಸರಳಿಗೆ ತೊಡಿಸಿ ತಿರುಗಿಸಿ ನೋಡಿ, ಬಚ್ಚಲ ಒಲೆಗೆ ಎಸೆದ. ಎರಡನೆಯ ಜೋಡಿ ಮಧ್ಯಾಹ್ನ ಮುಗಿಯಿತು. ಮೌಲಾ ಕಾಕಾ ಅದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದ. “ಅಜ್ಜಾ, ಕಂಪನಿಯವ್ರ ನಿಮ್ಮ ಮನಿ ಹುಡಕೊಂಡ ಬರತಾರ ನೋಡ್ರಿ,” ಅಂದ. ಅಜ್ಜ ರಂಪಿ ಒರೆಸಿದ. “ಬರ್ಲಿ. ಚಪ್ಪಲ್ ಹೊರಗ ಬಿಟ್ಟ ಬರ್ಲಿ.”

ರವಿವಾರ ಬೆಳಿಗ್ಗೆ ವ್ಯಾನನ್ನು ಊರ ಹೊರಗಿನ ಹೊಲಗಾಲುವೆಯ ಮೇಲೆ, ಈಚೆ ದಂಡೆಗೆ ಎರಡು ಗಾಲಿ, ಆಚೆ ದಂಡೆಗೆ ಎರಡು ಗಾಲಿ ಬರುವಂತೆ ನಿಲ್ಲಿಸಿದರು. ಕಾಲುವೆಗೆ ನೀರು ಬಿಟ್ಟಿರದ ವಾರ ಅದು. ಮೌಲಾ ಕಾಕಾ ಒಣ ಕಾಲುವೆಯಲ್ಲಿ ಆರಾಮಾಗಿ ಮಲಗಿ ಕೆಲಸ ಮಾಡಿದ. ಸರಳಿನ ನಡುಭಾಗವನ್ನು ಅಜ್ಜನ ಬುಶ್ ಸಮೇತ ಅಚ್ಚಿಗೆ ಕೂರಿಸಿದ. ಅದರ ಎರಡು ತುದಿಗಳನ್ನು ಗಾಡಿಯ ಚಾಸಿಗೆ ಜೋಡಿಸಲು ಎರಡು ಉಕ್ಕಿನ ಕೈಗಳಿದ್ದವು. ಅವು ಲೇತಿನಲ್ಲಿ ಮಾಡಿಸಿದವು, ನಟ್ಟು ತಿರುಗಿಸಿ ಉದ್ದ ಹೆಚ್ಚುಕಡಿಮೆ ಮಾಡಬಹುದಾದಂಥವು.

ಕಡೆಯ ಬಿಗಿತಕ್ಕೆ ಮೊದಲು ಆತ ತಲೆ ಹೊರಗೆ ಹಾಕಿದ. “ಹುಡುಗ್ಯಾರನ್ನ ಕರೀರಿ. ಖಾಲಿ ಗಾಡ್ಯಾಗ ಬಿಗದ್ರ ಮಂದಿ ಕುಂತ ಕೂಡಲೇ ರಬ್ಬರ್ ತಿರುಚಿ ಹರೀತದ. ದಿನಾ ಎಷ್ಟ ತೂಕ ಇರತದೋ ಅಷ್ಟರಾಗ ಬಿಗೀಬೇಕು.”

ಹದಿಮೂರೂ ಮಂದಿ ಪಾಟೀಚೀಲ ಸಮೇತ ಹತ್ತಿದೆವು. ಹುಬ್ಬಿಗೆ ಪಟ್ಟಿ ಹಾಕಿದ್ದ ಶಕುಂತಲಾಳೂ ಬಂದಿದ್ದಳು. ರುದ್ರಗೌಡರು ಕಾಲುವೆಯ ದಂಡೆಯ ಮೇಲೆ ಕೈಕಟ್ಟಿ ನಿಂತಿದ್ದರು. ಕೆಳಗೆ ನಟ್ಟು ಬಿಗಿಯುವ ಪಾನಾದ ಸದ್ದು ನಿಲ್ಲುವವರೆಗೂ ನಾವು ಅಲುಗಾಡದೆ ಕುಳಿತೆವು. ಮೌಲಾ ಕಾಕಾ “ಇಳೀರಿ” ಅಂದ. ಇಳಿದೆವು.

ಖಾಲಿ ವ್ಯಾನ್ ಬಲಕ್ಕೆ ವಾಲಿಕೊಂಡೇ ನಿಂತಿತ್ತು.

ಗೌಡರು ಅದನ್ನು ನೋಡಿದರು. ಅಪ್ಪನೂ ನೋಡಿದ. “ಇದೇನ ಪರಸಪ್ಪಾ,” ಅಂದರು ಗೌಡರು, “ಮೊದಲ ತಿರುವಿನ್ಯಾಗಷ್ಟ ಸೊಟ್ಟ ಇತ್ತು. ಈಗ ನಿಂತಲ್ಲೇ ಸೊಟ್ಟ.”

ಮೌಲಾ ಕಾಕಾ ಮತ್ತೆ ಅಡಿಗೆ ಹೋಗಿ ಎರಡೂ ಕೈಗಳನ್ನು ಗೇಣಿನಿಂದ ಅಳೆದ. ಎಡಗಡೆಯದು ಎರಡು ಬೆರಳು ಹೆಚ್ಚಿಗೆ ಉದ್ದವಿತ್ತು. ಆತ ಎದ್ದು ಮೈಯ ಮಣ್ಣು ಝಾಡಿಸಿದ. “ಮತ್ತ ಹತ್ರಿ ತಂಗ್ಯಾರ. ದಿನಾ ಹೆಂಗ ಕುಂದರ್ತೀರೋ ಹಂಗ.” ಈ ಸಲ ಅಡಿಗೆ ಹೋಗದೆ ಬಾಗಿಲಲ್ಲಿ ನಿಂತು ನೋಡಿದ.

ನಾವು ಹತ್ತಿದೆವು. ಬಲಕ್ಕೆ ಒಂಬತ್ತು, ಒಬ್ಬರ ಮೇಲೊಬ್ಬರು ಒತ್ತಿಕೊಂಡು. ಎಡಕ್ಕೆ ನಾಲ್ಕು, ನಡುವೆ ಚೀಲ ಇಟ್ಟುಕೊಳ್ಳುವಷ್ಟು ಜಾಗ. ಹೀಗೆ ಕೂರಿ ಎಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯ ಬಿದ್ದಿರಲಿಲ್ಲ.

“ಒಂಬತ್ತ ಮಂದಿ ಆ ಕಡೆ ಯಾಕ?” ಅಂದ ಮೌಲಾ ಕಾಕಾ.

ಹುಡುಗಿಯರು ತಮ್ಮ ತಮ್ಮ ಚೀಲ ನೋಡಿಕೊಂಡರು. ಆತ ದಂಡೆಯ ಮೇಲಿದ್ದವರತ್ತ ತಿರುಗಿದ. ಆತನ ದನಿಯಲ್ಲಿ ಆಪಾದನೆ ಇರಲಿಲ್ಲ, ಬೇಜಾರಿತ್ತು. “ತಪ್ಪ ನಂದರಿ ಗೌಡ್ರ. ಗಾಡಿ ವಾಲಿದ್ದಾಗ ಅಳತಿ ಹಿಡದೆ, ವಾಲಿದ ಅಳತಿನ ಬಿಗದೆ. ಇನ್ನ ಖಾಲಿ ಇದ್ರೂ ಅದು ಹಂಗ ನಿಂದರ್ತದ. ಆ ದಿನ ಮಗಳಿಗೆ ಪೆಟ್ಟ ಹತ್ತಿದ್ದೂ ಅರ್ಧ ಇದ್ರಿಂದ. ತೂಕ ಎಲ್ಲಾ ಬಲಕ್ಕ, ತಿರುವು ಎಡಕ್ಕ.”

ಗೌಡರಿಗೆ ಅರ್ಥವಾಗಿತ್ತು. ಅರ್ಥವಾದದ್ದು ಬರಿಯ ಗಾಡಿಯ ವಿಷಯವಲ್ಲ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಅವರು ‘ಇಳಿ’ ಎಂದು ಮಗಳಿಗೆ ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ಕೈಯೊಳಗಿನ ಚಿಂದಿ ಬಟ್ಟೆಯನ್ನು ಮಡಚುತ್ತ ಬಿಚ್ಚುತ್ತ ನಿಂತಿದ್ದ. ಅವನು ಹತ್ತು ವರ್ಷ ಹುಷಾರಾಗಿ ಸುತ್ತುಬಳಸಿ ಹೋದ ಜಾಗಕ್ಕೆ ಗೆಳೆಯ ನೇರ ಗಾಡಿ ತಂದು ನಿಲ್ಲಿಸಿದ್ದ.

ಮೊದಲು ಎದ್ದವಳು ಶಕುಂತಲಾ. ಚೀಲ ಎತ್ತಿಕೊಂಡು ಎರಡು ಹೆಜ್ಜೆ ದಾಟಿ ನನ್ನ ಮುಂದೆ ನಿಂತಳು.

“ಸರಿ ಅತ್ತಾಗ. ನಾಕ ಮಂದಿಗೆ ಎಷ್ಟ ಜಾಗಾ ಬೇಕ ನಿಮಗ? ಇಷ್ಟ ದಿವ್ಸ ಆರಾಮ ಕಾಲ ಚಾಚಿ ಬಂದೀರಿ, ನಾವ ಅಲ್ಲಿ ಹಿಂಡೀ ಆಗಿ ಹೋಗೇವಿ.”

“ನಾವೇನ ಬರಬ್ಯಾಡ ಅಂದಿದ್ವೇನು?” ಅಂದೆ. ನನ್ನ ದನಿ ಅಂದುಕೊಂಡದ್ದಕ್ಕಿಂತ ಜೋರಾಗಿತ್ತು.

ಅವಳು ಕುಳಿತಳು. ಅವಳ ತೋಳು ನನ್ನ ತೋಳಿಗೆ ಒತ್ತಿತು. ಪಟ್ಟಿಯಿಂದ ಔಷಧದ ವಾಸನೆ, ಕೈಯಿಂದ ಸೀತನಿಯ ಬೂದಿಯ ವಾಸನೆ ಬರುತ್ತಿತ್ತು. ಗೌಡರು ಏನೂ ಹೇಳದ್ದನ್ನು ನೋಡಿ ಇನ್ನೊಬ್ಬಳು ಎದ್ದು ಬಂದಳು. ಬಲಕ್ಕೆ ಏಳು, ಎಡಕ್ಕೆ ಆರು. ಕೊರತೆ ತುಂಬಲು ಮೌಲಾ ಕಾಕಾ ಚೀಲಗಳನ್ನೆಲ್ಲ ನಮ್ಮ ಕಡೆಗೆ ಹಾಕಿಸಿದ. ಕಾಲುವೆಗಿಳಿದು ಎರಡೂ ಕೈಗಳನ್ನು ಸಮ ಉದ್ದಕ್ಕೆ ತಂದು ಬಿಗಿದ. ಇಳಿದು ನೋಡಿದರೆ ವ್ಯಾನ್ ನೆಟ್ಟಗೆ ನಿಂತಿತ್ತು.

“ಈಗ ಜೋಕಾಲಿಗೆ ಹೋಗಿ ಬರೂಣು,” ಅಂದ ಅಪ್ಪ. ಗೌಡರು ಕೇಳದೆಯೇ ಮುಂದಿನ ಸೀಟಿಗೆ ಹತ್ತಿದರು. ನಾವು ಮತ್ತೆ ಹತ್ತಿ ಏಳು-ಆರರಂತೆ ಕುಳಿತೆವು.

ತಿರುವು ಹತ್ತಿರವಾದಾಗ ಅಪ್ಪ ವೇಗ ಇಳಿಸಲಿಲ್ಲ. ನಾವೆಲ್ಲ ಬಾಕಿನ ಅಂಚು ಹಿಡಿದೆವು. ವ್ಯಾನ್ ಬಲಕ್ಕೆ ಒಂದಿಷ್ಟು ಬಾಗಿತು, ಅಲ್ಲಿಯೇ ಯಾರೋ ಕೈಕೊಟ್ಟು ಹಿಡಿದಂತೆ ತಡೆಯಿತು, ತಿರುವು ಮುಗಿಯುವಷ್ಟರಲ್ಲಿ ಸಮಕ್ಕೆ ಬಂತು. ಅಡಿಯಿಂದ ಒಂದು ಸದ್ದೂ ಇಲ್ಲ. ಅಜ್ಜನ ರಬ್ಬರ್ ಮಾತಾಡಲಿಲ್ಲ. ‘ಹೋ’ ಎನ್ನಲು ಯಾರಿಗೂ ನೆನಪಾಗಲಿಲ್ಲ. ಅಪ್ಪ ಗಾಡಿ ತಿರುಗಿಸಿ ಮತ್ತೆರಡು ಸಲ ಅದೇ ತಿರುವನ್ನು ಹೊಡೆದ.

ಮರಳಿ ಬಂದು ಇಳಿದ ಗೌಡರು ಕಾಲುವೆಯ ದಂಡೆಯ ಮೇಲೆ ಕುಳಿತಿದ್ದ ಅಜ್ಜನ ಮುಂದೆ ನಿಂತರು. ಅಜ್ಜ ಅವರಿಗಿಂತ ಇಪ್ಪತ್ತು ವರ್ಷ ಹಿರಿಯ. “ಯಲ್ಲಪ್ಪಾ, ಈ ರಬ್ಬರ್ ಎಷ್ಟ ದಿವ್ಸ ತಡೀತೈತಿ?”

“ನಿಮ್ಮ ಮಗಳ ಸಾಲಿ ಮುಗಿಯೂತನಕಾ ತಡೀತೈತ್ರಿ,” ಅಂದ ಅಜ್ಜ. “ಹರದ್ರ ನಾ ಅದೇನಿ. ಮತ್ತ ಕೊಯ್ದ ಕೊಡ್ತೇನಿ.”

ಗೌಡರು ತಲೆಯಾಡಿಸಿದರು. “ಎಂಟಕ್ಕ ಕಳಸ್ತೇನಿ ನಾಳೆ,” ಎಂದು ಅಪ್ಪನಿಗೆ ಹೇಳಿ ಹೋದರು. ಸೋಮವಾರ ಹದಿಮೂರೂ ಮಂದಿ ಬಂದೆವು.

ಅಂದಿನಿಂದ ಕೂರುವುದು ಅಪ್ಪನ ಹುಕುಮ್ಮಿನ ಪ್ರಕಾರ. ಅವನು ಬಾಗಿಲಲ್ಲಿ ನಿಂತು ಎಣಿಸಿ ಹತ್ತಿಸುತ್ತಿದ್ದ. ಯಾರಾದರೂ ಮೂಗು ಮುರಿದರೆ ಒಂದೇ ಉತ್ತರ: “ರಾಡ್ ಕೆಡತೈತಿ.” ಮನೆಗಳಲ್ಲಿ ಹಿರಿಯರು ಕೇಳಿದರೂ ಅದೇ ಉತ್ತರ ನಡೆಯಿತು. ಆ ಎರಡು ವರ್ಷಗಳಲ್ಲಿ ನಾನು ಶಕುಂತಲಾಳ ಬುತ್ತಿಯ ಹಿಂಡಿಯನ್ನು ನನ್ನ ಮನೆಯದಕ್ಕಿಂತ ಹೆಚ್ಚು ತಿಂದೆ. ಗಣಿತವನ್ನು ಅವಳಿಂದ ಕಲಿತೆ. ನಾವಿಬ್ಬರೂ ಹತ್ತನೆಯದು ಒಟ್ಟಿಗೆ ಮುಗಿಸಿದೆವು. ಅವಳು ಈಗ ರಾಮದುರ್ಗದ ಕಡೆ ಶಿಕ್ಷಕಿ.

ಅಜ್ಜನ ಬುಶ್ ಹರಿಯಲಿಲ್ಲ. ವ್ಯಾನಿನ ತಳವೇ ಮೊದಲು ತುಕ್ಕು ತಿಂದಿತು. ನಾವು ಕಾಲೇಜಿಗೆ ಹೋದ ವರ್ಷ ಅಪ್ಪ ಅದನ್ನು ಮಾರಿ ಇನ್ನೊಂದು ಗಾಡಿ ತಂದ. ಅದು ಚಲೋ ಗಾಡಿ. ರಾಡ್ ಕಂಪನಿಯಿಂದಲೇ ಬಂದಿತ್ತು. ತಿರುವುಗಳಲ್ಲಿ ಬಾಗುತ್ತಿರಲಿಲ್ಲ, ಯಾರು ಎಲ್ಲಿ ಕುಳಿತರೂ ಅದಕ್ಕೆ ನಡೆಯುತ್ತಿತ್ತು. ರಜೆಗೆ ಊರಿಗೆ ಬಂದಾಗ ಒಂದು ಬೆಳಿಗ್ಗೆ ನಾನು ಅದರ ಬಾಗಿಲಲ್ಲಿ ನಿಂತು ನೋಡಿದೆ. ಕಿರಿಯ ಹುಡುಗಿಯರು ತಮ್ಮ ತಮ್ಮ ಓಣಿಯವರನ್ನು ಹುಡುಕಿಕೊಂಡು ಕುಳಿತಿದ್ದರು. ಬೇರೆ ಕಡೆ ಕೂರಿ ಎಂದು ಹೇಳಲು ಅಪ್ಪನ ಬಳಿ ಈಗ ಕಾರಣ ಉಳಿದಿರಲಿಲ್ಲ.